ಒಂದು ಹೇಳ್ರಿ

“ಅದೊಂದು ಬಿಟ್ಟು ಬ್ಯಾರೆ ಏನರ ಕೇಳ್ರಿ ಸರ,” ಎಂದ ವಾಹೀದ, ಹತ್ತಿ ಪಿಂಜುವ ಮಷಿನ್ ಬಂದ್ ಮಾಡದೆ.

ಆ ಗದ್ದಲದಲ್ಲಿ ಮಚ್ಛೇಂದ್ರ ಮಾಸ್ತರರಿಗೆ ಅರ್ಧ ಮಾತು ಕೇಳಿಸಿತು, ಇನ್ನರ್ಧ ಅವನ ತುಟಿ ನೋಡಿ ತಿಳಿಯಿತು. ಹಲಬರ್ಗಾದ ರಸ್ತೆ ಬದಿಯ ಆ ತಗಡಿನ ಅಂಗಡಿಯ ತುಂಬ ಹತ್ತಿಯ ಧೂಳು. ವಾಹೀದನ ಹುಬ್ಬಿನ ಮೇಲೆ, ಗಡ್ಡದ ಮೇಲೆ, ಹೊಲಿದು ಗೋಡೆಗೆ ಒರಗಿಸಿಟ್ಟ ಗಾದಿಗಳ ಮೇಲೆ, ಎಲ್ಲ ಕಡೆ ಬಿಳಿ ಎಳೆಗಳು ಕೂತಿದ್ದವು. ಮಾಸ್ತರರು ಬಾಗಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದರು. ಒಳಗೆ ಬನ್ನಿ ಎಂದು ವಾಹೀದ ಕರೆಯಲಿಲ್ಲ. ಕರೆಯಲಿ ಎಂದು ಕಾಯುವ ಮುಖವೂ ಮಾಸ್ತರರಿಗೆ ಉಳಿದಿರಲಿಲ್ಲ.

ಬೀದರ ಜಿಲ್ಲೆಯಲ್ಲಿ ಈ ಮಾಸ್ತರರ ಬಾಯಿಯ ಪರಿಚಯವಿಲ್ಲದ ಊರು ಕಡಿಮೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಔರಾದದಿಂದ ಭಾಲ್ಕಿಯವರೆಗೆ ಎಷ್ಟೋ ಸಾಲೆಗಳ ವೇದಿಕೆ ಹತ್ತಿ, ಉರಿಯುವ ಕರ್ಪೂರವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ತೋರಿಸಿ, ಲಿಂಬೆಹಣ್ಣಿನಿಂದ ರಕ್ತ ಹರಿಸಿ, “ಇದರಾಗ ದೇವರೂ ಇಲ್ಲ, ದೆವ್ವಾನೂ ಇಲ್ಲ, ಬರೇ ರಸಾಯನಶಾಸ್ತ್ರ ಅದ” ಎಂದು ಮಕ್ಕಳನ್ನು ನಗಿಸಿದವರು. ಅವರ ಅಪ್ಪನ ಕಾಲಕ್ಕೇ ಮನೆಯ ಹಳೆಯ ದೇವರುಗಳನ್ನು ನೀರಿಗೆ ಬಿಟ್ಟು ಮನೆತನವೆಲ್ಲ ಬೌದ್ಧವಾಗಿತ್ತು. ಮಾಸ್ತರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬುದ್ಧನ ಮುಂದೆ ಮೇಣಬತ್ತಿ ಹಚ್ಚುವುದನ್ನೂ ಬಿಟ್ಟಿದ್ದರು. ವಾದಕ್ಕೆ ನಿಂತರೆಂದರೆ ಅವರಿಗೆ ಊಟವೂ ಬೇಡ, ನೀರೂ ಬೇಡ. ಎದುರಿಗಿದ್ದವನು ತಡವರಿಸಿ ಸುಮ್ಮನಾಗುವ ಒಂದು ಗಳಿಗೆ ಇದೆಯಲ್ಲ, ಅದರ ರುಚಿ ಹತ್ತಿಬಿಟ್ಟಿತ್ತು. ಸತ್ಯದ ಮೇಲಿನ ಪ್ರೀತಿ ಎಂದೇ ಅವರು ಅದನ್ನು ತಿಳಿದಿದ್ದರು. ಪೂರಾ ಸುಳ್ಳೇನೂ ಅಲ್ಲ ಅನ್ನಿ.

ಅಂಥ ಮನುಷ್ಯ ಇವತ್ತು ಮಧ್ಯಾಹ್ನದ ಬಸ್ಸಿಗೆ ಬೀದರದಿಂದ ಬಂದು ಒಬ್ಬ ಗಾದಿ ಹೊಲಿಯುವವನ ಬಾಗಿಲಲ್ಲಿ ನಿಂತಿದ್ದರು. ಎರಡು ತಿಂಗಳ ಹಿಂದೆ ಊರಿನೆದುರು ಯಾವುದನ್ನು ಬಿಡಿಸಿ ಹೋಗಿದ್ದರೋ, ಅದನ್ನೇ ಮತ್ತೆ ಸುರು ಮಾಡು ಎಂದು ಬೇಡಿಕೊಳ್ಳಲು.

ಬಿಡಿಸಿದ್ದು ದಮ್ ಹಾಕುವುದನ್ನು. ಹಾವು ಕಡಿದವರಿಗೆ ದಮ್ ಹಾಕುವ ರೂಢಿ ವಾಹೀದನ ಮನೆಯಲ್ಲಿ ಮೂರು ತಲೆಮಾರಿನದು. ಏಳು ಸಲ ಕುರಾನಿನ ಫಾತಿಹಾ ಓದಿ ಕಡಿದ ಜಾಗದ ಮೇಲೆ ಊದುವುದು, ಅಷ್ಟೇ. ಅವನ ಅಜ್ಜನಿಗೆ ಯಾರೋ ಪೀರಸಾಹೇಬರು ಇದಕ್ಕೆ ಅಪ್ಪಣೆ ಕೊಟ್ಟಿದ್ದರಂತೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ. ಪ್ರತಿಯಾಗಿ ಯಾರಿಂದಲೂ ಒಂದು ಕಪ್ಪು ಚಹಾ ಕೂಡ ತೆಗೆದುಕೊಳ್ಳುವಂತಿಲ್ಲ. ಹಿಂದೂ, ಮುಸ್ಲಿಂ, ಬೌದ್ಧ ಎನ್ನದೆ ಸುತ್ತಲಿನ ಹಳ್ಳಿಯವರೆಲ್ಲ ಬರುತ್ತಿದ್ದರು. ದಮ್ ವಿಷವನ್ನು ಇದ್ದಲ್ಲೇ ಕಟ್ಟುತ್ತದೆ, ದಮ್ ಇಲ್ಲದೆ ದವಾಖಾನೆಗೆ ಹೊರಟರೆ ದಾರಿಯಲ್ಲೇ ವಿಷ ತಲೆಗೇರುತ್ತದೆ ಎಂಬುದು ಅವರೆಲ್ಲರ ನಂಬಿಕೆ.

ಊರಿನ ಆಶಾ ಕಾರ್ಯಕರ್ತೆ ಮಹಾಮಾಯಾ ಮಾಸ್ತರರ ಸ್ವಂತ ತಂಗಿಯ ಮಗಳು. ನಾಲ್ಕು ವರ್ಷದ ಹಿಂದೆ ಆಕೆ ಇದೇ ಅಂಗಡಿಗೆ ಬಂದು, ಗಾದಿಗಳ ನಡುವೆ ನೆಲದ ಮೇಲೆ ಕೂತು, “ಚಾಚಾ, ನೀವು ದಮ್ ಹಾಕ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಪೇಶಂಟಗ ಗಾಡಿಯಿಂದ ಇಳಸಬ್ಯಾಡ್ರಿ” ಎಂದಿದ್ದಳು. ವಾಹೀದನೂ ಯೋಚನೆ ಮಾಡಿ ಒಪ್ಪಿದ. ಅಂದಿನಿಂದ ಒಂದು ಕ್ರಮ ಬಿತ್ತು. ಗಾಡಿಯ ಇಂಜಿನ್ ಕೂಡ ಬಂದ್ ಮಾಡುವಂತಿಲ್ಲ. ವಾಹೀದ ತಾನೇ ರಸ್ತೆಗೆ ಬಂದು ಎರಡು ಮಿನಿಟಿನಲ್ಲಿ ದಮ್ ಹಾಕಿ, “ಸೂಜಿ ಬೀಳೋತನಕ ಇದು ಕಟ್ಟಿರ್ತದ, ಮುಂದ ನಂದು ನಡೆಯಂಗಿಲ್ಲ” ಎನ್ನುತ್ತಿದ್ದ. ಜಾವೀದನ ಆಟೋ ಸೀದಾ ಭಾಲ್ಕಿ ಸರ್ಕಾರಿ ದವಾಖಾನೆಗೆ ಓಡುತ್ತಿತ್ತು. ನಾಲ್ಕು ವರ್ಷದಲ್ಲಿ ಹನ್ನೊಂದು ಮಂದಿ ಹೀಗೆ ಹೋಗಿ, ಹನ್ನೊಂದೂ ಮಂದಿ ಮನೆಗೆ ಬಂದರು. ಈ ಸಂಗತಿ ಮಾಸ್ತರರಿಗೆ ಗೊತ್ತಿರಲಿಲ್ಲ. ಹೇಳಿದರೆ ಮಾಮಾ ಭಾಷಣ ಸುರು ಮಾಡುತ್ತಾರೆ ಎಂದು ಮಹಾಮಾಯಾ ಬಾಯಿ ಬಿಟ್ಟಿರಲಿಲ್ಲ.

ಆಗಸ್ಟ್ ತಿಂಗಳಲ್ಲಿ ಹಲಬರ್ಗಾದ ಸಾಲೆಯಲ್ಲಿ ಮಾಸ್ತರರ ಕಾರ್ಯಕ್ರಮವಾಯಿತು. ಹಾವಿನ ಮಾತು ಬಂದಾಗ ಹುಡುಗರು ಹಿಂದೆ ಕೂತಿದ್ದ ವಾಹೀದನನ್ನು ತೋರಿಸಿದರು. ಮಾಸ್ತರರು ಪ್ರೀತಿಯಿಂದಲೇ ಅವನನ್ನು ಮುಂದೆ ಕರೆದರು. ಗುಂಪಿನಲ್ಲಿ ಯಾರೋ, “ಚಾಚಾ ದವಾಖಾನಿಗೂ ಕಳಸ್ತಾರ್ರಿ ಸರ” ಎಂದದ್ದೇ ತಡ, ಮಾಸ್ತರರ ಕಣ್ಣು ಹೊಳೆಯಿತು. ಅಯ್ಯೋ, ಆ ಮಾತು ಏನು ಹೇಳುತ್ತಿದೆ ಎಂದು ಒಂದು ಗಳಿಗೆ ನಿಂತು ಕೇಳಿದ್ದರೆ!

“ಹಂಗೇನು? ಹಂಗಿದ್ರ ಒಂದು ಹೇಳ್ರಿ ವಾಹೀದಭಾಯಿ. ವಿಷ ಇಳಸೂದು ನಿಮ್ಮ ದಮ್ಮೋ, ಡಾಕ್ಟರ ಸೂಜಿಯೋ? ದಮ್ಮಿನಿಂದ ಇಳೀತದ ಅಂದ್ರ ಭಾಲ್ಕಿಗೆ ಎದಕ್ಕ ಕಳಸ್ತೀರಿ? ಸೂಜಿಯಿಂದ ಇಳೀತದ ಅಂದ್ರ ನೀವು ಎದಕ್ಕ ಊದ್ತೀರಿ? ಒಂದು ಹೇಳ್ರಿ.”

ಸಾಲೆಯ ತಗಡು ಹಾರುವಂತೆ ಚಪ್ಪಾಳೆ ಬಿತ್ತು. ವಾಹೀದ ಟೊಪ್ಪಿಗೆ ತೆಗೆದ, ಮತ್ತೆ ಹಾಕಿಕೊಂಡ. “ನನಗ ಗೊತ್ತಿಲ್ಲರಿ ಸರ” ಎಂದು ಹೇಳಿ, ಮಕ್ಕಳ ಸಾಲಿನ ನಡುವಿನಿಂದ ಹೊರಗೆ ನಡೆದ. ಮಾಸ್ತರರ ಹಳೆಯ ವಿದ್ಯಾರ್ಥಿ ರಾಜರತ್ನ, ಇಪ್ಪತ್ತನಾಲ್ಕರ ಹುಡುಗ, ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಸಂಜೆಯೊಳಗೆ ಊರೂರಿನ ಗ್ರೂಪುಗಳಿಗೆ ಕಳಿಸಿದ. ಕೊನೆಯ ಸಾಲಿನಲ್ಲಿ ಮಹಾಮಾಯಾ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಆಕೆ ನಗು ತಡೆದುಕೊಳ್ಳುತ್ತಿದ್ದಾಳೆ ಎಂದು ಮಾಸ್ತರರು ತಿಳಿದರು.

ಮರುದಿನದಿಂದ ವಾಹೀದ ದಮ್ ಹಾಕುವುದನ್ನು ಬಿಟ್ಟ. ಅಕ್ಟೋಬರದಲ್ಲಿ ಸೋಯಾ ಕೊಯ್ಲಿಗೆ ಹೋದ ರಾಜರತ್ನನಿಗೇ ಹಾವು ಕಡಿಯಿತು. ಅವನಪ್ಪ, ಆಗಲೇ ಮಾತು ತೊದಲುತ್ತಿದ್ದ ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಇದೇ ಬಾಗಿಲಿಗೆ ಬಂದ. ವಾಹೀದ ಕೈಮುಗಿದು, ನನ್ನಿಂದಾಗದು, ಸೀದಾ ಭಾಲ್ಕಿಗೆ ಒಯ್ಯಿರಿ ಎಂದ. ಕಟ್ಟದ ವಿಷ ಹೊತ್ತುಕೊಂಡು ಭಾಲ್ಕಿಗೆ ಹೋಗುವ ಧೈರ್ಯ ಆ ಅಪ್ಪನಿಗೆ ಎಲ್ಲಿಂದ ಬರಬೇಕು? ಅವನು ಗಾಡಿ ಹೊರಳಿಸಿದ. ಕಮಲನಗರ ದಾಟಿ, ಗಡಿಯಾಚೆಯ ಹಳ್ಳಿಯೊಂದರಲ್ಲಿ ಹಾವಿನ ವಿಷಕ್ಕೆ ಮಂತ್ರ ಹಾಕುವ ಒಬ್ಬ ಮಹಾರಾಜನಿದ್ದಾನೆ, ಅವನ ಬಳಿಗೆ. ಅಲ್ಲಿ ಬೇವಿನ ಗಿಡದ ಕೆಳಗೆ ಐದು ತಾಸು ಮಲಗಿಸಿದರು. ಮಹಾಮಾಯಾ ಆ ದಿನ ತರಬೇತಿಗೆಂದು ಬೀದರಕ್ಕೆ ಹೋಗಿದ್ದಳು. ಸುದ್ದಿ ತಿಳಿದು ಫೋನ್ ಹಚ್ಚುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣಿಗೆ ಬಂದ ಮಾಸ್ತರರ ಕೈ ಹಿಡಿದು ಹುಡುಗನ ಅಪ್ಪ, “ನಿಮ್ಮ ಮ್ಯಾಲ ಭಾಳ ಅಭಿಮಾನ ಇತ್ತರಿ ಅವಗ” ಎಂದ. ಬೈದಿದ್ದರೆ ಸಹಿಸಬಹುದಿತ್ತು. ತಿರುಗಿ ಬರುವಾಗ ಮಹಾಮಾಯಾ ಹನ್ನೊಂದು ಮಂದಿಯ ಕಥೆಯನ್ನು ಮೊದಲ ಸಲ ಹೇಳಿದಳು.

“ನೀವು ಗೆದ್ರಿ ಮಾಮಾ. ನಾಕು ವರ್ಷ ಕುಂತು ನಾ ಕಟ್ಟಿದ್ದು ಐದು ಮಿನಿಟಿನಾಗ ಮುಗೀತು.”

ಅದಾಗಿ ಎಂಟು ದಿನವಾಗಿತ್ತು. ಆ ಎಂಟು ದಿನ ಮಾಸ್ತರರು ಹೇಗೆ ಕಳೆದರು ಎಂಬುದನ್ನು ಕೇಳದಿರುವುದೇ ಒಳ್ಳೆಯದು.

ಕರೆಂಟು ಹೋಗಿ ಪಿಂಜುವ ಮಷಿನ್ ತಾನೇ ನಿಂತಿತು. ಈಗ ಇಬ್ಬರಿಗೂ ಮಾತಾಡದೆ ವಿಧಿಯಿರಲಿಲ್ಲ. ವಾಹೀದ ಒಂದು ಗಾದಿಯ ಮೇಲಿನ ಹತ್ತಿ ಝಾಡಿಸಿ, “ಕುಂಡ್ರಿ” ಎಂದ.

“ಊರಿಗೆ ನಿಮ್ಮ ಜರೂರತ್ ಅದ ವಾಹೀದಭಾಯಿ,” ಎಂದರು ಮಾಸ್ತರರು. “ಮೊದಲಿನಂಗ ಸುರು ಮಾಡ್ರಿ. ಆ ದಿನ ನಾ ಅಂದಿದ್ದು ಮರತುಬಿಡ್ರಿ.”

“ಹ್ಯಾಂಗ ಮರೀಲ್ರಿ? ನಿಮ್ಮ ಸವಾಲ್ ತಪ್ಪಿದ್ರ ಮರೀತಿದ್ದೆ. ಅದು ಖರೇ ಅದ.” ವಾಹೀದ ಎದುರಿಗೆ ನೆಲದ ಮೇಲೆ ಕೂತ. “ಭಾಲ್ಕಿಗೆ ಮುಟ್ಟಿದವ್ರು ಎಲ್ಲಾ ಉಳದಾರ. ಅದಕ್ಕಿಂತ ಮೊದಲು, ಬರೇ ದಮ್ ಹಾಕಿ ಇಲ್ಲೇ ಮಲಗಿಸಿಕೊಂಡಿದ್ದೆ ನೋಡ್ರಿ, ಅವರೊಳಗ ಎಷ್ಟು ಮಂದಿ ಹೋದ್ರು? ನಾ ಎಂದೂ ಹಿಂಗ ಹಚ್ಚಿ ನೋಡಿದ್ದಿಲ್ಲ. ನೀವು ನೋಡೂಹಂಗ ಮಾಡಿದ್ರಿ. ಒಂದು ಕೂಸಿತ್ತರಿ, ಎಕಂಬಾ ಊರಿಂದು. ಈ ತೊಡಿ ಮ್ಯಾಲ ಹೋಯ್ತು. ಅಲ್ಲಾಹನ ಮರ್ಜಿ ಅಂತ ಅವರವ್ವಗ ಹೇಳಿ ಕಳಿಸಿದ್ದೆ. ಈಗ ಆ ಕೂಸು ದಿನಾ ಬಂದು ಕುಂಡರ್ತದರಿ ಸರ.”

ಮಾಸ್ತರರು ವಾಹೀದನ ತೊಡೆಯನ್ನೇ ನೋಡಿದರು. ಇಷ್ಟು ವರ್ಷ ಎದುರಾಳಿಗಳು ತಲೆ ತಗ್ಗಿಸಿ ಹೋಗುವುದನ್ನು ಕಂಡವರು, ಮನೆಗೆ ಹೋದ ಮೇಲೆ ಅವರೇನು ಮಾಡುತ್ತಾರೆ ಎಂದು ಯೋಚಿಸಿದವರೇ ಅಲ್ಲ.

“ಆ ಕೂಸಿನ ಸಲುವಾಗೇ ಹೇಳ್ತೇನಿ, ಕೇಳ್ರಿ. ನೀವು ನಂಬಬೇಕಂತ ಇಲ್ಲ. ಎರಡು ಮಿನಿಟ ಊದ್ರಿ, ಕಳಸ್ರಿ. ಮಂದಿ ಧೈರ್ಯದಿಂದ ಭಾಲ್ಕಿಗೆ ಹೋಗ್ತಾರ. ಅಷ್ಟೇ.”

“ಅಂದ್ರ ನಾಟಕ ಮಾಡು ಅಂತೀರಿ.”

“ಜೀವ ಉಳಸೂ ನಾಟಕ, ವಾಹೀದಭಾಯಿ.”

ವಾಹೀದ ನಕ್ಕ. ಆ ನಗುವಿನಲ್ಲಿ ಹಗುರವೇನೂ ಇರಲಿಲ್ಲ. “ನಿಮಗ ಸುಳ್ಳಂದ್ರ ಬರೇ ಸುಳ್ಳು ಸರ. ಹೇಳಿದ್ರಿ, ಮುಗೀತು. ನಂದು ಹಂಗಲ್ಲ. ಅಲ್ಲಾಹನ ಕಲಾಮ ಬಾಯಾಗ ಇಟ್ಟಕೊಂಡು, ಇದು ನಡೆಯಂಗಿಲ್ಲ ಅಂತ ಮನಸಿನಾಗ ಗೊತ್ತಿದ್ದು ಊದಿದ್ರ ಅದು ಗುನಾಹ್, ದೊಡ್ಡ ಪಾಪ. ನಾಳಿ ಸತ್ತ ಮ್ಯಾಲ ಅದಕ್ಕ ಜವಾಬ್ ಕೊಡಾವ ನಾನು, ನೀವಲ್ಲ. ಅಲ್ಲಾಹನ ಮ್ಯಾಲ ನನಗ ಶಕ್ ಇಲ್ಲರಿ. ನನ್ನ ಉಸಿರಿನ ಮ್ಯಾಲ ಶಕ್ ಬಂದದ.”

ಸತ್ತ ಮೇಲೆ ನಾಳೆ ಎಂಬುದು ಇಲ್ಲ, ಜವಾಬು ಕೇಳುವವನೂ ಯಾರಿಲ್ಲ. ಇದು ಮಾಸ್ತರರ ನಾಲಿಗೆಯ ತುದಿಯಲ್ಲೇ ಇದ್ದ ಉತ್ತರ. ಸಾವಿರ ಸಲ ಹೇಳಿ ಸವೆದದ್ದು. ಅದು ಬಾಯಿಯವರೆಗೆ ಬಂತು ಕೂಡ. ಎದುರಿನ ಮನುಷ್ಯನ ಕೆಂಪಾದ ಕಣ್ಣು ನೋಡಿ ಅವರು ಅದನ್ನು ನುಂಗಿಕೊಂಡರು.

ಹಿಂದಿನ ಮನೆಯಿಂದ ವಾಹೀದನ ಹೆಂಡತಿ ಕುಲಸುಮಬೀ ಎರಡು ಕಪ್ಪು ಚಹಾ ತಂದಳು. ಗಂಡನೆದುರು ಒಂದು ಇಟ್ಟು, ಇನ್ನೊಂದನ್ನು ಕೈಯಲ್ಲೇ ಹಿಡಿದು ನಿಂತಳು.

“ಈಗ ಮತ್ತೇನ್ ಕೇಳ್ಲಾಕ ಬಂದೀರಿ ಭಾಯಿ? ಇವ್ರ ಬಲ್ಲಿ ಉಳದದ್ದಾದ್ರೂ ಏನದ?” ಎಂದಳು. “ಆ ಹುಡುಗ ಹೋದ ದಿನದಿಂದ ನಮಾಜಿಗೆ ಕುಂತ್ರ ಏಳಂಗಿಲ್ಲ. ತಾಟಿನ್ಯಾಗಿನ ರೊಟ್ಟಿ ತಾಟಿನ್ಯಾಗೇ ಇರ್ತದ. ನೀವು ಸ್ಟೇಜಿನ ಮ್ಯಾಲ ಮಾತಾಡಿದ್ರಿ, ಬಸ್ ಹತ್ತಿ ಹೋದ್ರಿ. ನಾವು ಇದೇ ಓಣ್ಯಾಗ ಇರಬೇಕಲ್ರಿ. ಅವನ ಅವ್ವ ದಿನಾ ಇದೇ ಬಾಗಿಲ ಮುಂದಿಂದ ನೀರಿಗೆ ಹೋಗ್ತಾಳ.”

“ಕುಲಸುಮ, ಸುಮ್ಮನಿರು,” ಎಂದ ವಾಹೀದ.

“ಸುಮ್ಮನಿದ್ದೇ ಇಷ್ಟಾಗ್ಯದ.” ಆಕೆ ಚಹಾ ಮಾಸ್ತರರ ಕೈಗೆ ಕೊಟ್ಟಳು. ಮಾಸ್ತರರು ತಗೊಂಡರು, ಕುಡಿಯಲಿಲ್ಲ.

ಅಷ್ಟರಲ್ಲಿ ರಸ್ತೆಯಿಂದ ಒಂದೇ ಸಮನೆ ಹಾರ್ನ್ ಕೇಳಿಸಿತು. ಜಾವೀದನ ಆಟೋ ಧೂಳೆಬ್ಬಿಸಿ ಅಂಗಡಿಯ ಮುಂದೆ ಬಂದು ನಿಂತಿತು. ಇಂಜಿನ್ ನಡೆದೇ ಇತ್ತು. ಮುಂದಿನಿಂದ ಮಹಾಮಾಯಾ ಜಿಗಿದಳು. ಹಿಂದಿನ ಸೀಟಿನಲ್ಲಿ ನಲವತ್ತರ ಒಬ್ಬ ಹೆಣ್ಣುಮಗಳು, ಗಂಡನ ಹೆಗಲಿಗೆ ತಲೆ ಇಟ್ಟು ಒರಗಿದ್ದಳು. ಪಕ್ಕದ ಹಳ್ಳಿಯ ಕೌಸಲ್ಯಾಬಾಯಿ. ಸೋಯಾದ ಕಟ್ಟು ಎತ್ತುವಾಗ ಅಡಿಯಲ್ಲಿದ್ದ ಹಾವು ಪಾದಕ್ಕೆ ಕಡಿದಿತ್ತು. ಕಣ್ಣು ತೆರೆಯಲು ನೋಡುತ್ತಿದ್ದಳು, ರೆಪ್ಪೆಗಳು ತಾವೇ ಮುಚ್ಚಿಕೊಳ್ಳುತ್ತಿದ್ದವು.

“ಚಾಚಾ, ಅರ್ಧ ತಾಸಾಗ್ಯದ,” ಮಹಾಮಾಯಾಳಿಗೆ ಉಸಿರು ಹತ್ತಿತ್ತು. “ಭಾಲ್ಕಿಗೆ ಫೋನ್ ಮಾಡೀನಿ, ಸೂಜಿ ತೆಗದಿಟ್ಟಾರ. ಇವರು ಕೇಳವಲ್ಲರು.”

ಕೌಸಲ್ಯಾಬಾಯಿಯ ಭಾವ, ರುಮಾಲು ಸುತ್ತಿದ ಹಿರಿಯ, ಆಟೋದಿಂದ ಅರ್ಧ ಇಳಿದು ಒಂದು ಕಾಲು ನೆಲದ ಮೇಲೆ ಊರಿ ನಿಂತಿದ್ದ. “ದಮ್ ಹಾಕಿದ್ರ ಭಾಲ್ಕಿಗೆ ಹೋಗ್ತೀವಿ. ಇಲ್ಲಂದ್ರ ಕಮಲನಗರದ ಕಡಿ ಹೋಗ್ತೀವಿ, ಮಹಾರಾಜನ ಬಲ್ಲಿ. ವಿಷ ಕಟ್ಟಲಾರದೆ ನಾ ನಮ್ಮ ಹೆಣ್ಣುಮಗಳಿಗಿ ಕಳಸಂಗಿಲ್ಲ.”

“ಕಾಕಾ, ರಾಜರತ್ನಗ ಅಲ್ಲೇ ಒಯ್ದಿದ್ರಲ್ಲ!”

“ಅವಗ ಹೊತ್ತಾಗಿತ್ತು. ನೀ ಸುಮ್ಮ ಕುಂಡ್ರು ತಂಗಿ.”

ವಾಹೀದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. “ನನ್ನಿಂದ ಆಗಂಗಿಲ್ಲರಿ. ಅಲ್ಲಾಹನ ವಾಸ್ತೆ ಭಾಲ್ಕಿಗೆ ಒಯ್ರಿ. ನಾ ಕಾಲು ಬೀಳ್ತೇನಿ.”

“ನೋಡಿದಿ ಇಲ್ಲ?” ಹಿರಿಯ ಜಾವೀದನ ಬೆನ್ನು ತಟ್ಟಿದ. “ಹೊರಳ್ಸು ಗಾಡಿ.”

ಜಾವೀದ ಮಹಾಮಾಯಾಳ ಮುಖ ನೋಡಿದ, ವಾಹೀದನ ಮುಖ ನೋಡಿದ. ಹ್ಯಾಂಡಲು ಹೊರಳಿಸತೊಡಗಿದ. ಮಾಸ್ತರರು ಕೈಯಲ್ಲಿದ್ದ ಕಪ್ಪನ್ನು ಎಲ್ಲಿಟ್ಟರೋ ಅವರಿಗೇ ತಿಳಿಯದು, ಆಟೋದ ಮುಂದೆ ಹೋಗಿ ನಿಂತರು.

“ನಿಲ್ಲಸು! ಆ ದಿನ ಸಾಲ್ಯಾಗ ಮಾತಾಡಿದಾವ ನಾನು. ನಾ ತಪ್ಪು ಮಾಡೀನಿ. ವಾಹೀದಭಾಯಿ ಬಲ್ಲಿ ದಮ್ ಹಾಕಿಸಿಕೊಂಡು ಭಾಲ್ಕಿಗೆ ಹೋದ ಹನ್ನೊಂದು ಮಂದಿ, ಹನ್ನೊಂದಕ್ಕ ಹನ್ನೊಂದು ಬದುಕ್ಯಾರ. ಅದು ನನಗ ಗೊತ್ತಿದ್ದಿಲ್ಲ.”

ಇಷ್ಟರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಪುಣ್ಯಾತ್ಮ ಅಂಥ ಹೊತ್ತಿನಲ್ಲೂ ಸುಳ್ಳಾಗದ ಮಾತನ್ನೇ ಆರಿಸಿ ಆರಿಸಿ ಇಟ್ಟಿದ್ದರು. ಆದರೆ ರುಮಾಲಿನ ಹಿರಿಯ ವಿಡಿಯೋ ನೋಡಿದವನು, ಒಂದಲ್ಲ, ಹತ್ತು ಸಲ ನೋಡಿದವನು.

“ಹಂಗಾದ್ರ ಒಂದು ಹೇಳ್ರಿ ಮಾಸ್ತರ,” ಎಂದ. “ಅವರು ದಮ್ಮಿನಿಂದ ಬದುಕಿದ್ರೋ, ಸೂಜಿಯಿಂದ ಬದುಕಿದ್ರೋ?”

ಕೌಸಲ್ಯಾಬಾಯಿ ಏನೋ ಹೇಳಲು ಹೋದಳು, ನಾಲಿಗೆ ತೊಡರಿತು. ಗಂಡ ಆಕೆಯ ಗಲ್ಲ ತಟ್ಟುತ್ತ, “ಏ, ಮಲಗಬ್ಯಾಡ, ಏ” ಎನ್ನುತ್ತಿದ್ದ. ಓಣಿಯ ಹತ್ತು ಹದಿನೈದು ಜನ ಸೇರಿದ್ದರು. ಎಲ್ಲರೂ ಮಾಸ್ತರರ ಬಾಯಿ ನೋಡುತ್ತಿದ್ದರು. ನಲವತ್ತು ವರ್ಷ ಇದೇ ಬಾಯಿಯಿಂದ ತಾವು ನಂಬದ ಒಂದು ಮಾತನ್ನೂ ಆಡಿರಲಿಲ್ಲ; ಹೆಂಡತಿ ಸಾಯುವಾಗ ಒಂದು ಬತ್ತಿ ಹಚ್ಚಿ ಎಂದು ಬಳಗದವರು ಬೇಡಿಕೊಂಡರೂ ಹಚ್ಚಿರಲಿಲ್ಲ.

“ದಮ್ಮಿನಿಂದ,” ಎಂದರು ಮಾಸ್ತರರು.

“ಜೋರಾಗಿ ಹೇಳ್ರಿ.”

“ದಮ್ಮಿನಿಂದ ಬದುಕಿದ್ರು! ವಾಹೀದಭಾಯಿ ಉಸಿರಿನಾಗ ತಾಕತ್ ಅದ. ನಾ ಸೊಕ್ಕಿಗೆ ಬಿದ್ದು ಸುಳ್ಳು ಹೇಳಿದ್ದೆ. ದಮ್ ವಿಷ ಕಟ್ಟತದ, ಸೂಜಿ ಹೊರಗ ತೆಗೀತದ. ಎರಡೂ ಬೇಕು. ಒಂದಿಲ್ಲಂದ್ರೂ ಉಳಿಯಂಗಿಲ್ಲ.”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮಹಾಮಾಯಾ ತಲೆ ಕೆಳಗೆ ಹಾಕಿದಳು. ಮಾಸ್ತರರು ಹೊರಳಿ ವಾಹೀದನನ್ನು ನೋಡಿದರು. ಅವನು ಚೌಕಟ್ಟು ಬಿಟ್ಟಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಎಷ್ಟು ಹೊತ್ತು ನೋಡಿದರೋ, ಹೇಳುವುದು ಕಷ್ಟ. ನಾಲ್ಕೈದು ಉಸಿರಿನಷ್ಟು ಇದ್ದೀತು. ಆಮೇಲೆ ವಾಹೀದ ಮೆಟ್ಟಿಲಿಳಿದು ಬಂದ. ಆಟೋದ ಪಕ್ಕ ಮೊಣಕಾಲೂರಿ ಕೂತು, ಆ ಬಾತ ಪಾದದ ಮೇಲೆ ಬಾಗಿ, ಕಣ್ಣು ಮುಚ್ಚಿ ಓದತೊಡಗಿದ. ಏಳು ಸಲ ಓದಿದ, ಊದಿದ.

“ಸೂಜಿ ಬೀಳೋತನಕ ಇದು ಕಟ್ಟಿರ್ತದ,” ಎಂದ, ಯಾರ ಮುಖವನ್ನೂ ನೋಡದೆ. “ಗಾಡಿ ಎಲ್ಲೂ ನಿಲ್ಲಸಬ್ಯಾಡ್ರಿ. ಹೋಗ್ರಿ.”

ಹಿರಿಯ ಕೈಯೆತ್ತಿ ಮುಗಿದು ಒಳಗೆ ಹತ್ತಿದ. ಆಟೋ ಭಾಲ್ಕಿಯ ಕಡೆಗೆ ಓಡಿತು. ಸೇರಿದ ಜನ ಸ್ವಲ್ಪ ಹೊತ್ತು ನಿಂತು, ಮಾಸ್ತರರನ್ನು ಒಂದು ನಮೂನೆ ನೋಡಿ, ತಮ್ಮ ತಮ್ಮ ದಾರಿ ಹಿಡಿದರು. ಒಬ್ಬ ಮುದುಕ ಹತ್ತಿರ ಬಂದು, “ಕಡೀಗರ ತಿಳೀತಲ್ರಿ ಸರ, ಚಲೋ ಆಯ್ತು” ಎಂದು ಭುಜ ತಟ್ಟಿ ಹೋದ.

ಮಾಸ್ತರರು ಬಸ್ಸಿಗೆ ಹೋಗಲಿಲ್ಲ. ಸುದ್ದಿ ತಿಳಿಯದೆ ಹೋಗುವುದಾದರೂ ಹೇಗೆ? ಗಾದಿಯ ಮೇಲೆ ಮೊಬೈಲ್ ಹಿಡಿದುಕೊಂಡು ಕೂತರು. ವಾಹೀದ ಸೂಜಿ ದಾರ ತೆಗೆದುಕೊಂಡು ಅರ್ಧ ಹೊಲಿದಿಟ್ಟ ಗಾದಿಗೆ ಕೂತ. ಕರೆಂಟು ಬಂತು, ಆದರೂ ಮಷಿನ್ ಚಾಲೂ ಮಾಡಲಿಲ್ಲ. ಕುಲಸುಮಬೀ ಬಂದು ಆರಿದ ಚಹಾ ಒಯ್ದು ಬಿಸಿ ಚಹಾ ತಂದಿಟ್ಟಳು.

ನಾಲ್ಕು ಗಂಟೆ ದಾಟಿದ ಮೇಲೆ ಮಹಾಮಾಯಾಳ ಫೋನು ಬಂತು. ಸೂಜಿ ಸುರುವಾಗಿ ಅರ್ಧ ತಾಸಾಗಿದೆ, ಉಸಿರು ಬರಾಬರಿ ಇದೆ, ಹೊತ್ತಿಗೆ ಸರಿಯಾಗಿ ತಂದಿರಿ ಎಂದು ಡಾಕ್ಟರು ಹೇಳಿದರು ಎಂದಳು. ಮಾತು ಮುಗಿಸುವಾಗ ಆಕೆ ಅಳುತ್ತಿದ್ದಳು. ಮಾಸ್ತರರು ಫೋನ್ ಇಟ್ಟು, “ಉಳದಾಳ” ಎಂದರು.

ವಾಹೀದ ತಲೆಯಾಡಿಸಿದ. ದಾರ ಕಡಿದು, ಗಂಟು ಹಾಕಿ, ಸೂಜಿಯನ್ನು ಗಾದಿಗೆ ಚುಚ್ಚಿಟ್ಟ.

“ಸರ, ಒಂದು ಮಾತು ಕೇಳ್ತೇನಿ. ಸಿಟ್ಟಾಗಬ್ಯಾಡ್ರಿ.”

“ಕೇಳ್ರಿ.”

“ರಸ್ತಾದ ಮ್ಯಾಲ ಅಂದ್ರಲ್ಲ ನೀವು. ನನ್ನ ಉಸಿರಿನ ಮಾತು. ಅದು ಖರೇ ಏನ್ರಿ?”

ಐವತ್ತೆಂಟು ವರ್ಷದ ಗಂಡಸು, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಗುವಿನ ಹಾಗೆ ಮಾಸ್ತರರ ಮುಖ ನೋಡುತ್ತಿದ್ದ. ಇವರು ಇಲ್ಲ ಎಂದರೆ ಅವನು ಮಾಡಿದ್ದು ಗುನಾಹ್. ಇವರ ಮಾತಿನ ಮೇಲೆ ಮಾಡಿದ ಗುನಾಹ್. ಹೌದು ಎಂದರೆ ಬಹುಶಃ ಅವನು ಇವತ್ತು ಎರಡು ರೊಟ್ಟಿ ತಿಂದಾನು. ಆ ಹೆಣ್ಣುಮಗಳ ಜೀವಕ್ಕಾಗಿ ಒಂದು ಸುಳ್ಳು ಹೇಳಿಯಾಗಿತ್ತು. ಇನ್ನೊಂದು ಹೇಳಿದರೆ ಆಕಾಶವೇನೂ ಬೀಳುವುದಿಲ್ಲ ಎಂದುಕೊಂಡರು.

“ಖರೇರಿ ವಾಹೀದಭಾಯಿ,” ಎಂದರು. ದನಿ ಕೂಡ ಸರಿಯಾಗಿಯೇ ಬಂತು. “ಖರೇ ಅದ.”

ವಾಹೀದ ಗಾದಿಗೆ ಚುಚ್ಚಿದ್ದ ಸೂಜಿ ತೆಗೆದು ಡಬ್ಬಿಗೆ ಹಾಕಿದ. ಸಿಟ್ಟು ಮಾಡಲಿಲ್ಲ.

“ನಿಮಗ ಸುಳ್ಳು ಹೇಳಿ ರೂಢಿ ಇಲ್ಲರಿ ಸರ,” ಎಂದ. “ಇರ್ಲಿ ಬಿಡ್ರಿ. ನಾಳಿ ಯಾರರ ಬಂದ್ರೂ ಊದ್ತೇನಿ. ಹೇಳಿದ್ರಲ್ಲ, ಊದ್ತೇನಿ.”

ಮಸೀದಿಯಿಂದ ಅಸರ್ ನಮಾಜಿನ ಬಾಂಗ್ ಕೇಳಿಸಿತು. ವಾಹೀದ ಎದ್ದು ಮೈಮೇಲಿನ ಹತ್ತಿ ಕೊಡವಿ ಹಿಂದಿನ ಅಂಗಳಕ್ಕೆ ಹೋದ. ತೆರೆದ ಬಾಗಿಲಿನಿಂದ ಮಾಸ್ತರರಿಗೆ ಅವನು ಕಾಣುತ್ತಿದ್ದ. ಚೊಂಬು ತುಂಬಿಕೊಂಡು, ನಮಾಜಿಗೆ ಮೊದಲು ಕೈಬಾಯಿ ತೊಳೆದು ಶುದ್ಧವಾಗುವ ವಜೂ ಮಾಡಲು ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಮುಂಗೈವರೆಗೆ ಕೈ ತೊಳೆದ. ಬೊಗಸೆಯಲ್ಲಿ ನೀರು ತಗೊಂಡು ಬಾಯಿ ಮುಕ್ಕಳಿಸಿ ಉಗುಳಿದ. ಮೂರು ಸಲ ಮುಕ್ಕಳಿಸಿದರೆ ಸಾಕು, ಅದು ಮಾಸ್ತರರಿಗೂ ಗೊತ್ತಿತ್ತು. ವಾಹೀದ ನಾಲ್ಕನೆಯ ಸಲ ನೀರು ತುಂಬಿಕೊಂಡ. ಐದು. ಆರು. ಕುಲಸುಮಬೀ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಚೊಂಬು ಬರಿದಾಯಿತು. ಅವನು ಎದ್ದು ಹೋಗಿ ಇನ್ನೊಂದು ಚೊಂಬು ತುಂಬಿ ತಂದು, ಮತ್ತೆ ಕಲ್ಲಿನ ಮೇಲೆ ಕೂತು, ಬಾಯಿಗೆ ನೀರು ಹಾಕಿಕೊಂಡ.